ಸಮಾಂತರ ರೇಖೆ ಸರಿಯಾಗಿ ಬರ್ತಿಲ್ವಾ? ಕೈವಾರ, ಸ್ಕೇಲ್ ರಚನೆಯ ದೋಷ ನಿವಾರಣೆ ಕೈಪಿಡಿ

ಕೊಟ್ಟ ರೇಖೆ ಒಂದು, ಅದರ ಹೊರಗೆ ಬಿಂದು ಒಂದು. ಆ ಬಿಂದುವಿನ ಮೂಲಕ ಸಮಾಂತರ ರೇಖೆ ಎಳೆಯಬೇಕು. ಹಂತಗಳೆಲ್ಲ ಬಾಯಿಪಾಠ ಬರುತ್ತವೆ, ಆದರೂ ಎಳೆದ ಗೆರೆ ಒಂದು ಕಡೆ ವಾಲುತ್ತದೆ. ಆಗ ಹೆಚ್ಚಿನವರು ಮಾಡುವ ಮೊದಲ ಕೆಲಸ ರಬ್ಬರ್ ಎತ್ತಿಕೊಳ್ಳುವುದು. ದಯವಿಟ್ಟು ಅದನ್ನು ಮಾಡಬೇಡಿ. ರೇಖೆ ಎಷ್ಟು ವಾಲಿದೆ, ಯಾವ ಕಡೆ ವಾಲಿದೆ ಎನ್ನುವುದನ್ನು ನೋಡಿದರೆ ತಪ್ಪು ಎಲ್ಲಿ ಆಯಿತು ಎಂದು ತಿಳಿಯುತ್ತದೆ. ಅಳಿಸಿದರೆ ಆ ಸುಳಿವೂ ಹೋಗುತ್ತದೆ.

ಇಲ್ಲಿ ಹೊರಗಿನ ಬಿಂದುವನ್ನು ‘ಪ’ ಎಂದು ಕರೆಯೋಣ. ಕೊಟ್ಟ ರೇಖೆಯ ಮೇಲೆ ನಾವು ಗುರುತಿಸುವ ಬಿಂದುಗಳು ‘ಕ’ ಮತ್ತು ‘ಗ’. ಹೊಸ ರೇಖೆಗಾಗಿ ಹುಡುಕುವ ಎರಡನೇ ಬಿಂದು ‘ಚ’.

ಮೊದಲು: ನಿಜವಾಗಿಯೂ ತಪ್ಪಾಗಿದೆಯಾ?

ಕಣ್ಣನ್ನು ನಂಬಬೇಡಿ. ಸಮಾಂತರ ರೇಖೆಗಳ ಮೇಲೆ ಓರೆಯಾದ ಚಿಕ್ಕ ಗೆರೆಗಳಿದ್ದರೆ ಅವು ವಾಲಿದಂತೆ ಕಾಣುತ್ತವೆ. ಜರ್ಮನಿಯ ಖಗೋಳ ವಿಜ್ಞಾನಿ ಟ್ಸೋಲ್ನರ್ 1860ರಲ್ಲೇ ಇದನ್ನು ಚಿತ್ರ ಸಮೇತ ತೋರಿಸಿದ್ದರು. ನಮ್ಮ ರಚನೆಯಲ್ಲೂ ಛೇದಕ (ಎರಡೂ ರೇಖೆಗಳನ್ನು ಕತ್ತರಿಸುವ ಗೆರೆ), ಕಂಸ ಎಲ್ಲವೂ ಓರೆಯಾಗಿಯೇ ಇರುತ್ತವೆ. ಜೊತೆಗೆ ಹಾಳೆಯ ಅಂಚು, ಪುಸ್ತಕದ ಗೆರೆಗಳು ಬೇರೆ. ಸರಿಯಾದ ರಚನೆಯನ್ನೇ ತಪ್ಪು ಎಂದುಕೊಂಡು ಅಳಿಸುವುದು ಅಪರೂಪವಲ್ಲ.

ಪರೀಕ್ಷೆ ಸುಲಭ. ಮೂಲೆಮಟ್ಟದ ಒಂದು ಅಂಚನ್ನು ಕೊಟ್ಟ ರೇಖೆಗೆ ತಾಗಿಸಿ, ಲಂಬ ಅಂಚಿನಲ್ಲಿ ಎರಡು ರೇಖೆಗಳ ನಡುವಿನ ದೂರ ಅಳೆಯಿರಿ. ಹೀಗೆ ಎಡ ತುದಿಯಲ್ಲೊಮ್ಮೆ, ಬಲ ತುದಿಯಲ್ಲೊಮ್ಮೆ. ಎರಡು ಜಾಗಗಳ ನಡುವೆ 15 ಸೆಂ.ಮೀ. ಆದರೂ ಇರಲಿ. ಸ್ಕೇಲನ್ನು ಓರೆಯಾಗಿ ಹಿಡಿದು ಅಳೆದರೆ ದೂರ ಜಾಸ್ತಿಯೇ ಬರುತ್ತದೆ, ಹಾಗಾಗಿ ಅಂದಾಜಿನಲ್ಲಿ ಅಳೆಯಬೇಡಿ.

ವ್ಯತ್ಯಾಸ ಅರ್ಧ ಮಿ.ಮೀ. ಒಳಗಿದ್ದರೆ ಅದು ಪೆನ್ಸಿಲ್ ಗೆರೆಯ ದಪ್ಪದಷ್ಟೇ. ನಿಮ್ಮ ರಚನೆ ಸರಿಯಾಗಿದೆ, ಇಲ್ಲಿಗೇ ನಿಲ್ಲಿಸಿ. ಒಂದೆರಡು ಮಿ.ಮೀ. ಇದ್ದರೆ ಉಪಕರಣವನ್ನೋ ಕೈಯನ್ನೋ ಅನುಮಾನಿಸಬೇಕು. ಅದಕ್ಕಿಂತ ತುಂಬಾ ಜಾಸ್ತಿ ಇದ್ದರೆ, ಅಥವಾ ರೇಖೆಗಳು ಹಾಳೆಯಲ್ಲೇ ಕೂಡಿಬಿಟ್ಟರೆ, ಉಪಕರಣದ ತಪ್ಪಲ್ಲ. ಯಾವುದೋ ಹಂತ ಅದಲುಬದಲಾಗಿದೆ.

ಲಕ್ಷಣ: ಹೊಸ ರೇಖೆ ಕೊಟ್ಟ ರೇಖೆಯನ್ನೇ ಕತ್ತರಿಸುತ್ತದೆ

ನೋಡಲು ಭಯಂಕರ, ಸರಿಪಡಿಸಲು ಅತಿ ಸುಲಭ. ಎರಡು ಕಂಸಗಳು ಸಾಮಾನ್ಯವಾಗಿ ಎರಡು ಕಡೆ ಛೇದಿಸುತ್ತವೆ. ನೀವು ಬೇಡದ ಕಡೆಯ ಬಿಂದುವನ್ನು ತೆಗೆದುಕೊಂಡಿದ್ದೀರಿ.

ಕೋನ ನಕಲು ಮಾಡುವ ವಿಧಾನದಲ್ಲಿ (ಛೇದಕ ಕ ದಲ್ಲಿ ಮಾಡುವ ಕೋನವನ್ನೇ ಪ ದಲ್ಲೂ ಎಳೆಯುವುದು), ಪ ಬಿಂದುವಿನ ಸುತ್ತ ಎಳೆದ ಕಂಸದ ಮೇಲೆ ಛೇದಕದ ಎರಡೂ ಬದಿಗೆ ಒಂದೊಂದು ಗುರುತು ಬರಬಹುದು. ಒಂದು ನಿಜವಾದ ನಕಲು, ಇನ್ನೊಂದು ಅದರ ಕನ್ನಡಿ ಬಿಂಬ. ಬಿಂಬವನ್ನು ಹಿಡಿದರೆ ರೇಖೆಗಳು ಮೂಲ ಕೋನದ ಎರಡರಷ್ಟು ಕೋನದಲ್ಲಿ ಕೂಡುತ್ತವೆ. ನಿಮ್ಮ ಛೇದಕ ಸುಮಾರು 60 ಡಿಗ್ರಿಯಲ್ಲಿದ್ದು, ಹಾಳೆಯ ಮೇಲೆ ಸಮಬಾಹು ತ್ರಿಭುಜದಂಥ ಆಕಾರ ಕಂಡರೆ ಕಾರಣ ಇದೇ. ಅನುರೂಪ ಕೋನವಾದರೆ ಛೇದಕದ ಅದೇ ಬದಿ, ಪರ್ಯಾಯ ಕೋನವಾದರೆ ಎದುರು ಬದಿ. ಇಷ್ಟು ನೆನಪಿಟ್ಟು ಇನ್ನೊಂದು ಗುರುತಿಗೆ ಗೆರೆ ಎಳೆಯಿರಿ.

ವಜ್ರಾಕೃತಿ ವಿಧಾನದಲ್ಲಿ ಪಕ, ಕಗ, ಗಚ, ಚಪ ನಾಲ್ಕೂ ಬಾಹು ಒಂದೇ ಅಳತೆ, ಕೊನೆಗೆ ಪ ಮತ್ತು ಗ ಕೇಂದ್ರವಾಗಿ ಎಳೆದ ಕಂಸಗಳು ಸೇರುವಲ್ಲಿ ಚ. ಇಲ್ಲಿ ಬೇಡದ ಛೇದನ ಬಿಂದು ಎಂದರೆ ಕ ಬಿಂದುವೇ. ನೀವು ಎಳೆದ ರೇಖೆ ಕ ಮೂಲಕ ಹೋಗುತ್ತಿದ್ದರೆ, ಅದು ಸಮಾಂತರ ರೇಖೆಯಲ್ಲ, ವಜ್ರಾಕೃತಿಯ ಒಂದು ಓರೆ ಬಾಹು. ಚ ಬಿಂದು ಯಾವಾಗಲೂ ಪ ಇರುವ ಬದಿಯಲ್ಲೇ ಇರಬೇಕು.

ಲಕ್ಷಣ: ಕಂಸಗಳು ಸೇರುತ್ತಲೇ ಇಲ್ಲ

ಪ ಬಿಂದುವಿನಿಂದ ಎಳೆದ ಕಂಸ ಕೊಟ್ಟ ರೇಖೆಯನ್ನು ಮುಟ್ಟದಿದ್ದರೆ ತ್ರಿಜ್ಯ ಕಡಿಮೆಯಾಗಿದೆ. ಪ ಯಿಂದ ರೇಖೆಗಿರುವ ಲಂಬ ದೂರಕ್ಕಿಂತ ತ್ರಿಜ್ಯ ದೊಡ್ಡದಿರಲೇಬೇಕು. ಲಂಬ ರಚಿಸುವಾಗ ಕಂಸಗಳು ಸೇರದಿದ್ದರೆ, ತ್ರಿಜ್ಯ ಎರಡು ಕೇಂದ್ರಗಳ ನಡುವಿನ ದೂರದ ಅರ್ಧಕ್ಕಿಂತ ಕಡಿಮೆ ಇದೆ ಎಂದು ಅರ್ಥ.

ವಜ್ರಾಕೃತಿ ವಿಧಾನದ ಕೊನೆಯ ಎರಡು ಕಂಸಗಳು ಮಾತ್ರ ಸೇರಲೇಬೇಕು. ಸೇರಲಿಲ್ಲ ಅಂದರೆ ಕಂಸವನ್ನು ಗಿಡ್ಡವಾಗಿ ಎಳೆದಿದ್ದೀರಿ, ಇಲ್ಲವೇ ಮಧ್ಯದಲ್ಲಿ ಕೈವಾರದ ಅಳತೆ ಬದಲಾಗಿದೆ. ಸುಮ್ನೆ ಕಂಸವನ್ನು ಸ್ವಲ್ಪ ಮುಂದುವರಿಸಿ ನೋಡಿ.

ಲಕ್ಷಣ: ಸ್ವಲ್ಪವೇ ವಾಲುತ್ತದೆ, ಒಂದೆರಡು ಮಿ.ಮೀ. ಅಷ್ಟೇ

ಎಲ್ಲರನ್ನೂ ಕಾಡುವುದು ಇದು. ಖರ್ಚಿಲ್ಲದ ಪರೀಕ್ಷೆಯಿಂದ ಶುರು ಮಾಡೋಣ.

ಪೆನ್ಸಿಲ್ ಮೊಂಡಾಗಿದೆಯಾ ನೋಡಿ. ಗೆರೆ 1 ಮಿ.ಮೀ. ದಪ್ಪ ಬಂದರೆ ಅದರ ನಡುಭಾಗ ಯಾವುದು ಎಂದು ಹೇಳುವುದೇ ಕಷ್ಟ. ಸ್ಕೇಲ್ ಹಿಡಿದು ಎಳೆಯುವ ಪೆನ್ಸಿಲ್, ಕೈವಾರದ ಪೆನ್ಸಿಲ್ ಎರಡನ್ನೂ ಚೂಪು ಮಾಡಿ. ಮೆಂಡರ್ ಸಾಕು, ಬ್ಲೇಡ್ ಬೇಡ. ಮಕ್ಕಳ ಕೈಗಂತೂ ಬ್ಲೇಡ್ ಕೊಡಲೇಬೇಡಿ. ಚೂಪು ಮಾಡಿದ ಮೇಲೆ ಕೈವಾರದಲ್ಲಿ ಪೆನ್ಸಿಲನ್ನು ಮತ್ತೆ ಹೊಂದಿಸಬೇಕು. ಕೈವಾರ ಮುಚ್ಚಿದಾಗ ಪೆನ್ಸಿಲ್ ತುದಿ ಮತ್ತು ಮುಳ್ಳು ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿರಬೇಕು, ಮುಳ್ಳು ಕೂದಲೆಳೆಯಷ್ಟು ಉದ್ದ ಇದ್ದರೆ ಒಳ್ಳೆಯದು.

ಆಮೇಲೆ ಪ ಮತ್ತು ಚ ಎಷ್ಟು ದೂರ ಇವೆ ನೋಡಿ. ನನ್ನ ಪ್ರಕಾರ ಸಣ್ಣ ವಾಲುವಿಕೆಗೆ ಮುಖ್ಯ ಕಾರಣ ಇದೇ, ಆದರೆ ಇದನ್ನು ಹೇಳಿಕೊಡುವವರು ಕಡಿಮೆ. ಹೊಸ ರೇಖೆ ಎರಡು ಬಿಂದುಗಳಿಂದ ನಿರ್ಧಾರವಾಗುತ್ತದೆ. ಆ ಎರಡು ಬಿಂದುಗಳ ನಡುವೆ 5 ಸೆಂ.ಮೀ. ಇದೆ, ಚ ಬಿಂದು ಅರ್ಧ ಮಿ.ಮೀ. ಮೇಲೆ ಬಿದ್ದಿದೆ ಎಂದುಕೊಳ್ಳಿ. ರೇಖೆಯನ್ನು ಪ ಯಿಂದ 20 ಸೆಂ.ಮೀ. ವರೆಗೆ ಎಳೆದರೆ ತುದಿಯಲ್ಲಿ ತಪ್ಪು 2 ಮಿ.ಮೀ. ಆಗಿರುತ್ತದೆ. ಅದೇ ಅರ್ಧ ಮಿ.ಮೀ. ತಪ್ಪು, ಆದರೆ ಬಿಂದುಗಳ ನಡುವೆ 15 ಸೆಂ.ಮೀ. ಇದ್ದರೆ? ತುದಿಯಲ್ಲಿ ಸುಮಾರು 0.7 ಮಿ.ಮೀ. ಮಾತ್ರ. ಕೈ ಅದೇ, ಕೈವಾರ ಅದೇ, ಫಲಿತಾಂಶ ಬೇರೆ. ಅದಕ್ಕೇ ಚ ಬಿಂದುವನ್ನು ಸಾಧ್ಯವಾದಷ್ಟು ದೂರ ತನ್ನಿ.

ದೂರ ತರಲು ವಜ್ರಾಕೃತಿಯ ಬದಲು ಸಮಾಂತರ ಚತುರ್ಭುಜ ಬಳಸಿ. ಕ ಬಿಂದುವನ್ನು ಪ ಯ ಹತ್ತಿರಹತ್ತಿರ ಕೆಳಗೇ ಇಟ್ಟುಕೊಳ್ಳಿ. ಗ ಬಿಂದುವನ್ನು ರೇಖೆಯ ಮೇಲೆ, ಕೈವಾರ ಅಲುಗಾಡದೆ ತೆರೆಯುವಷ್ಟು ದೂರ ಇಡಿ. ಪ ಕೇಂದ್ರವಾಗಿ ಕಗ ತ್ರಿಜ್ಯದಲ್ಲಿ ಒಂದು ಕಂಸ, ಗ ಕೇಂದ್ರವಾಗಿ ಕಪ ತ್ರಿಜ್ಯದಲ್ಲಿ ಇನ್ನೊಂದು. ಅವು ಸೇರುವಲ್ಲಿ ಚ. ಇಲ್ಲೂ ಪ ಇರುವ ಬದಿಯ ಛೇದನವನ್ನೇ ತೆಗೆದುಕೊಳ್ಳಿ. ಇನ್ನೊಂದು ಛೇದನ ಕೊಟ್ಟ ರೇಖೆಯ ಆಚೆ ಬೀಳುತ್ತದೆ.

ಮುಂದಿನದು, ಕಂಸಗಳು ಹೇಗೆ ಛೇದಿಸುತ್ತವೆ ಎನ್ನುವುದು. ಎರಡು ಕಂಸಗಳು ಅಡ್ಡಡ್ಡ ಹಾಯ್ದರೆ ಬಿಂದು ಸ್ಪಷ್ಟ. ಒಂದರ ಮೇಲೊಂದು ಸವರಿಕೊಂಡು ಹೋದರೆ ಬಿಂದುವಿನ ಜಾಗದಲ್ಲಿ ಉದ್ದನೆಯ ಮಸಿ ಪಟ್ಟಿ ಕಾಣುತ್ತದೆ. 30 ಡಿಗ್ರಿಯಲ್ಲಿ ಛೇದಿಸಿದರೆ ಆ ಮಸುಕು ಲಂಬ ಛೇದನದ ಎರಡರಷ್ಟು ಉದ್ದ, 15 ಡಿಗ್ರಿಗೆ ಸುಮಾರು ನಾಲ್ಕರಷ್ಟು. ವಜ್ರಾಕೃತಿ ವಿಧಾನದಲ್ಲಿ ಇದನ್ನು ತಪ್ಪಿಸುವುದು ಹೇಗೆ? ತ್ರಿಜ್ಯವನ್ನು ಪ ಯಿಂದ ರೇಖೆಗಿರುವ ದೂರಕ್ಕಿಂತ ಸ್ವಲ್ಪ ಜಾಸ್ತಿ ಇಡಿ, ಎರಡರಷ್ಟನ್ನು ಮೀರಬೇಡಿ. ಆಗ ಛೇದನ 30 ಡಿಗ್ರಿಗಿಂತ ಕೆಳಗೆ ಇಳಿಯುವುದಿಲ್ಲ. ತ್ರಿಜ್ಯ ನಾಲ್ಕು ಪಟ್ಟಾದರೆ ವಜ್ರಾಕೃತಿ ಚಪ್ಪಟೆಯಾಗಿ, ಚ ಎಲ್ಲಿದೆ ಎಂದು ಊಹಿಸಬೇಕಾಗುತ್ತದೆ.

ತ್ರಿಜ್ಯ ಕಡಿಮೆಯಾದಾಗ ಪ ಯಿಂದ ಬರುವ ಮೊದಲ ಕಂಸ ಕೊಟ್ಟ ರೇಖೆಯನ್ನು ಸವರಿಕೊಂಡು ಹೋಗುತ್ತದೆ, ಕ ಬಿಂದು ಮಸುಕಾಗುತ್ತದೆ, ಅದು ತಪ್ಪಲ್ವಾ ಎಂದು ಕೇಳಬಹುದು. ಅಲ್ಲಿ ತೊಂದರೆ ಇಲ್ಲ. ಕ ರೇಖೆಯ ಮೇಲೆ ಎಲ್ಲಿದ್ದರೂ ನಡೆಯುತ್ತದೆ. ಅದು ಆಚೀಚೆ ಸ್ವಲ್ಪ ಸರಿದರೆ ಪಕ ಉದ್ದ ಬದಲಾಗುವುದು ಲೆಕ್ಕಕ್ಕೇ ಬಾರದಷ್ಟು. ಮಸುಕಾಗಬಾರದ್ದು ಚ ಮಾತ್ರ.

ಇಷ್ಟು ಸರಿ ಇದ್ದೂ ವಾಲುತ್ತಿದ್ದರೆ, ಈಗ ಕೈವಾರವನ್ನು ಪರೀಕ್ಷಿಸಿ.

ಲಕ್ಷಣ: ವೃತ್ತವೇ ಮುಚ್ಚಿಕೊಳ್ಳುತ್ತಿಲ್ಲ

6 ಸೆಂ.ಮೀ. ತ್ರಿಜ್ಯದ ಪೂರ್ಣ ವೃತ್ತ ಎಳೆಯಿರಿ. ಶುರುವಾದ ಕಡೆಗೇ ಗೆರೆ ಬಂದು ಸೇರಬೇಕು. ಸೇರಿದರೆ, ಕೈವಾರವನ್ನು ಅಲುಗಿಸದೆ ಅದೇ ಅಳತೆಯಲ್ಲಿ ವೃತ್ತದ ಮೇಲೆ ಗುರುತು ಹಾಕುತ್ತಾ ಹೋಗಿ. ಆರನೇ ಹೆಜ್ಜೆ ಮೊದಲ ಗುರುತಿನ ಮೇಲೇ ಬೀಳಬೇಕು. ಏಕೆಂದರೆ ತ್ರಿಜ್ಯದಷ್ಟು ಉದ್ದದ ಜ್ಯಾ ಕೇಂದ್ರದಲ್ಲಿ 60 ಡಿಗ್ರಿ ಕೋನ ಮಾಡುತ್ತದೆ, ಆರು ಸಲಕ್ಕೆ 360.

ಈ ಪರೀಕ್ಷೆ ನನಗೆ ತುಂಬಾ ಇಷ್ಟ. ಸಣ್ಣ ತಪ್ಪನ್ನು ಇದು ಸುಮಾರು ಏಳು ಪಟ್ಟು ದೊಡ್ಡದು ಮಾಡಿ ತೋರಿಸುತ್ತದೆ. ವೃತ್ತ ಎಳೆದ ಮೇಲೆ ಕೈವಾರ ಬರೀ 0.3 ಮಿ.ಮೀ. ಜಾರಿದರೂ ಆರನೇ ಗುರುತು ಸುಮಾರು 2 ಮಿ.ಮೀ. ತಪ್ಪುತ್ತದೆ. ಮೊದಲ ಗುರುತಿಗೆ ಮುಟ್ಟದೆ ನಿಂತರೆ ಕಾಲುಗಳು ಮುಚ್ಚಿಕೊಳ್ಳುತ್ತಿವೆ. ದಾಟಿ ಹೋದರೆ ತೆರೆದುಕೊಳ್ಳುತ್ತಿವೆ.

ಮೊದಲು ನಿಮ್ಮ ಹಿಡಿತ ನೋಡಿ. ಕೈವಾರವನ್ನು ಮೇಲಿನ ಗುಬ್ಬಿಯಲ್ಲಿ ಮಾತ್ರ ಹಿಡಿದು ತಿರುಗಿಸಬೇಕು. ಪೆನ್ಸಿಲ್ ಇರುವ ಕಾಲನ್ನು ಒತ್ತಿದರೆ ಕಾಲುಗಳು ಅಗಲವಾಗುತ್ತವೆ. ಆಮೇಲೆ ಕೆಳಗೆ ಏನಿದೆ ನೋಡಿ. ಗಾಜು ಅಥವಾ ಗ್ರಾನೈಟ್ ಮೇಲೆ ಒಂಟಿ ಹಾಳೆ ಇಟ್ಟರೆ ಮುಳ್ಳು ನೆಡುವುದೇ ಇಲ್ಲ, ಜಾರುತ್ತದೆ. ಹಾಳೆಯ ಕೆಳಗೆ ನೋಟ್‌ಬುಕ್ ಇಡಿ. ನೋಟ್‌ಬುಕ್ ತುಂಬಾ ಮೆತ್ತಗಿದ್ದರೆ ಮುಳ್ಳು ಆಳಕ್ಕೆ ಇಳಿದು ತೂತು ಅಗಲವಾಗುತ್ತದೆ, ಅದೂ ಬೇಡ. ನಾಲ್ಕೈದು ಹಾಳೆ ಸಾಕು.

ಕೊನೆಗೆ ಸ್ಕ್ರೂ. ಮೇಲಿನ ಕೀಲಿನ ಸ್ಕ್ರೂವನ್ನು ಸಣ್ಣ ಸ್ಕ್ರೂಡ್ರೈವರ್‌ನಿಂದ ಕಾಲು ಸುತ್ತು ಬಿಗಿ ಮಾಡಿ, ಮತ್ತೆ ಆರು ಹೆಜ್ಜೆಯ ಪರೀಕ್ಷೆ ಮಾಡಿ. ಬಿಗಿ ಮಾಡುವಾಗ ಮುಳ್ಳು ನಿಮ್ಮ ಕಡೆಗಾಗಲಿ, ಅಂಗೈ ಕಡೆಗಾಗಲಿ ಇರಬಾರದು. ಮುಳ್ಳನ್ನು ರಬ್ಬರ್ ತುಂಡಿಗೆ ಚುಚ್ಚಿಟ್ಟು ಕೆಲಸ ಮಾಡಿ. ಚಿಕ್ಕ ಮಕ್ಕಳಿದ್ದರೆ ಇದನ್ನು ದೊಡ್ಡವರೇ ಮಾಡಬೇಕು. ಸ್ಕ್ರೂ ತಿರುಗುತ್ತಲೇ ಇದ್ದು ಬಿಗಿಯಾಗದಿದ್ದರೆ ಅದರ ಮರೆ (ಸುರುಳಿ ಗೆರೆ) ಸವೆದಿದೆ. ಅಂಟು, ದಾರ ಅಂತ ಪ್ರಯೋಗ ಮಾಡದೆ ಹೊಸದು ತನ್ನಿ.

ನಾಳೆ ಪರೀಕ್ಷೆ ಇದೆ, ಇವತ್ತು ಹೊಸ ಕೈವಾರ ಸಿಗುವುದಿಲ್ಲ ಅಂದರೂ ದಾರಿ ಇದೆ. ಯೂಕ್ಲಿಡ್ ಸುಮಾರು ಕ್ರಿ.ಪೂ. 300ರಲ್ಲಿ ಬರೆದ ‘ಎಲಿಮೆಂಟ್ಸ್’ನಲ್ಲಿ ಕೇಂದ್ರ ಮತ್ತು ದೂರ ಕೊಟ್ಟರೆ ವೃತ್ತ ಎಳೆಯಬಹುದು ಎಂದಷ್ಟೇ ಒಪ್ಪಿಕೊಂಡಿದ್ದ. ಅಳತೆಯನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೊತ್ತೊಯ್ಯಬಹುದು ಎಂಬುದನ್ನು ಮೊದಲ ಪುಸ್ತಕದ ಎರಡನೇ ಪ್ರಮೇಯದಲ್ಲಿ ಬೇರೆಯೇ ಸಾಧಿಸಿದ. ಅಂದರೆ ಎತ್ತಿದ ಕೂಡಲೇ ಅಳತೆ ಬಿಡುವ ಕೈವಾರದಲ್ಲೂ ರಚನೆ ಮಾಡಬಹುದು. ವಜ್ರಾಕೃತಿಯನ್ನು ಹಾಗೆ ಮಾಡುವುದು ಹೀಗೆ: ರೇಖೆಯ ಮೇಲೆ ಕ ಗುರುತಿಸಿ. ಕ ದಲ್ಲಿ ಮುಳ್ಳಿಟ್ಟು ಪೆನ್ಸಿಲನ್ನು ಪ ಗೆ ಹೊಂದಿಸಿ ಕಂಸ ಎಳೆಯಿರಿ, ಅದು ರೇಖೆಯನ್ನು ಮುಟ್ಟುವಲ್ಲಿ ಗ. ಈಗ ಪ ದಲ್ಲಿ ಮುಳ್ಳಿಟ್ಟು ಪೆನ್ಸಿಲನ್ನು ಮತ್ತೆ ಕ ಗೆ ಹೊಂದಿಸಿ ಕಂಸ ಎಳೆಯಿರಿ. ಗ ದಲ್ಲಿ ಮುಳ್ಳಿಟ್ಟು, ಮತ್ತೆ ಕ ಗೆ ಹೊಂದಿಸಿ ಇನ್ನೊಂದು. ಪ್ರತಿ ಸಲವೂ ಹಾಳೆಯ ಮೇಲಿರುವ ಬಿಂದುವಿಗೇ ಹೊಂದಿಸುವುದರಿಂದ ಮಧ್ಯದಲ್ಲಿ ಎಷ್ಟು ಜಾರಿದರೂ ಚಿಂತೆಯಿಲ್ಲ. ಕಂಸ ಎಳೆಯುವ ಆ ಕ್ಷಣ ಅಲುಗದಿದ್ದರೆ ಸಾಕು. ಸಡಿಲ ಕೈವಾರ ಇರುವವರಿಗೆ ಕೋನ ನಕಲಿಗಿಂತ ಇದೇ ವಾಸಿ.

ಲಕ್ಷಣ: ಎಷ್ಟು ಸಲ ಎಳೆದರೂ ಒಂದೇ ಕಡೆಗೆ ವಾಲುತ್ತದೆ

ಒಂದು ಸಲ ಎಡಕ್ಕೆ, ಇನ್ನೊಂದು ಸಲ ಬಲಕ್ಕೆ ಕೂಡಿದರೆ ಅದು ಕೈಯ ಅಳತೆ ತಪ್ಪು, ಅಭ್ಯಾಸದಿಂದ ಕಡಿಮೆಯಾಗುತ್ತದೆ. ಪ್ರತಿ ಸಲವೂ ಒಂದೇ ಕಡೆಗಾದರೆ ಉಪಕರಣದಲ್ಲೋ ಹಂತದಲ್ಲೋ ದೋಷವಿದೆ.

ಸ್ಕೇಲ್ ನೇರವಾಗಿದೆಯಾ ಎಂದು ನೋಡಲು ಇನ್ನೊಂದು ಸ್ಕೇಲ್ ಬೇಡ. ಅಂಚಿನುದ್ದಕ್ಕೂ ಗೆರೆ ಎಳೆಯಿರಿ. ಸ್ಕೇಲನ್ನು ಗೆರೆಯ ಆಚೆ ಬದಿಗೆ ಮಗುಚಿ, ಅದೇ ಅಂಚನ್ನು ಅದೇ ಎರಡು ತುದಿಗಳಿಗೆ ಹೊಂದಿಸಿ ಮತ್ತೆ ಎಳೆಯಿರಿ. ಎರಡು ಗೆರೆಗಳ ನಡುವೆ ಸಂದು ಕಂಡರೆ ಅಂಚು ಬಾಗಿದೆ. ನಿಜವಾದ ಬಾಗು ಆ ಸಂದಿನ ಅರ್ಧದಷ್ಟು. ಬಿಸಿಲಲ್ಲಿ ಬಿಟ್ಟ ಪ್ಲಾಸ್ಟಿಕ್ ಸ್ಕೇಲಿಗೆ ಹೀಗಾಗುವುದುಂಟು. ಇನ್ನೊಂದು ಅಂಚು ನೇರವಾಗಿದ್ದರೆ ಅದನ್ನು ಬಳಸಿ.

ಕೋನ ನಕಲು ಮಾಡಿದವರು ರೇಖೆಗಳು ಎಲ್ಲಿ ಹತ್ತಿರವಾಗುತ್ತವೆ ನೋಡಿ. ಅನುರೂಪ ಕೋನ ಬಳಸಿದ್ದರೆ, ಕೋನ ಇರುವ ಬದಿಯಲ್ಲಿ ರೇಖೆಗಳು ಹತ್ತಿರವಾದರೆ ನಕಲು ಕೋನ ದೊಡ್ಡದಾಗಿದೆ, ದೂರವಾದರೆ ಚಿಕ್ಕದಾಗಿದೆ. ಪರ್ಯಾಯ ಕೋನದಲ್ಲಿ ಉಲ್ಟಾ: ಪ ಹತ್ತಿರ ಕೋನ ಎಳೆದ ಬದಿಯಲ್ಲಿ ರೇಖೆಗಳು ದೂರ ಸರಿದರೆ ನಕಲು ದೊಡ್ಡದು. ದೊಡ್ಡದಾಗಲು ಎರಡೇ ಕಾರಣ. ಕಂಸದ ಮೇಲೆ ಅಳೆದ ಜ್ಯಾ ಉದ್ದವಾಯಿತು, ಇಲ್ಲವೇ ಪ ಸುತ್ತ ಎಳೆದ ಕಂಸದ ತ್ರಿಜ್ಯ ಕ ಸುತ್ತ ಎಳೆದದ್ದಕ್ಕಿಂತ ಕಡಿಮೆಯಾಯಿತು. ಎರಡು ಕಂಸಗಳ ತ್ರಿಜ್ಯವನ್ನು ಅಳೆದು ನೋಡಿದರೆ ಯಾವುದೆಂದು ತಿಳಿಯುತ್ತದೆ. ಅದಕ್ಕೇ ಕಂಸಗಳನ್ನು ಅಳಿಸಬೇಡಿ ಅಂದದ್ದು. ಶಾಲೆಯಲ್ಲೂ ರಚನೆಯ ಗುರುತು ಕಾಣಿಸಲೇಬೇಕು.

ಲಂಬದ ಮೇಲೆ ಲಂಬ ಎಳೆಯುವ ವಿಧಾನದವರಿಗೆ ಒಂದು ಮಾತು. ಅಲ್ಲಿ ಎರಡು ರಚನೆಗಳ ತಪ್ಪು ಒಂದರ ಮೇಲೊಂದು ಕೂಡುತ್ತದೆ. ಪ್ರಶ್ನೆಯಲ್ಲೇ ಲಂಬ ಕೇಳದಿದ್ದರೆ ವಜ್ರಾಕೃತಿ ಅಥವಾ ಸಮಾಂತರ ಚತುರ್ಭುಜವನ್ನೇ ಆರಿಸಿ.

ಲಕ್ಷಣ: ಅಂತರ ಎಲ್ಲ ಕಡೆ ಸಮ, ಆದರೆ ರೇಖೆ ಪ ಮೂಲಕ ಹೋಗುತ್ತಿಲ್ಲ

ಸ್ಕೇಲನ್ನು ಬಿಂದುವಿನ ಮೇಲೇ ಇಟ್ಟು ಎಳೆದಿದ್ದೀರಿ. ಪೆನ್ಸಿಲ್ ತುದಿಗೂ ಅಂಚಿಗೂ ನಡುವೆ ಯಾವಾಗಲೂ ಸ್ವಲ್ಪ ಜಾಗ ಇರುತ್ತದೆ. ಪೆನ್ಸಿಲನ್ನು ಪ ಮೇಲೆ ನಿಲ್ಲಿಸಿ, ಸ್ಕೇಲನ್ನು ಅದಕ್ಕೆ ತಾಗಿಸಿ, ಚ ದಲ್ಲೂ ಹಾಗೇ ನೋಡಿ, ಆಮೇಲೆ ಎಳೆಯಿರಿ. ಪೂರ್ತಿ ಎಳೆಯುವವರೆಗೆ ಪೆನ್ಸಿಲಿನ ಓರೆ ಬದಲಾಗಬಾರದು.

ಲಕ್ಷಣ: ಮೊದಲ ಸಮಾಂತರ ರೇಖೆ ಸರಿ, ಐದನೆಯದು ವಾಲಿದೆ

ರೇಖಾಖಂಡದ ಒಂದು ತುದಿಯಿಂದ ಓರೆ ಕಿರಣ ಎಳೆದು, ಅದರ ಮೇಲೆ ಸಮ ಅಂತರದ ಗುರುತು ಹಾಕಿ, ಖಂಡವನ್ನು ಸಮ ಭಾಗ ಮಾಡುವಾಗ ಇದು ಕಾಣುತ್ತದೆ. ಹಿಂದಿನ ರೇಖೆಯನ್ನೇ ಆಧಾರ ಮಾಡಿಕೊಂಡು ಮುಂದಿನದನ್ನು ಎಳೆದರೆ ತಪ್ಪು ಬೆಳೆಯುತ್ತಾ ಹೋಗುತ್ತದೆ. ಎಲ್ಲ ರೇಖೆಗಳಿಗೂ ಮೊದಲು ಎಳೆದ ಒಂದೇ ರೇಖೆಯನ್ನು ಆಧಾರವಾಗಿಡಿ. ಭಾಗಗಳನ್ನು ವಿಭಾಜಕದಿಂದ ಅಳೆದು ನೋಡಿ. ಅಕ್ಕಪಕ್ಕದ ಎರಡು ಭಾಗಗಳಲ್ಲಿ ಮಾತ್ರ ಒಂದು ಉದ್ದ, ಇನ್ನೊಂದು ಗಿಡ್ಡ ಬಂದರೆ ಅವುಗಳ ನಡುವಿನ ರೇಖೆಗೆ ಓರೆ ಕಿರಣದ ಮೇಲೆ ಹಾಕಿದ ಗುರುತು ತಪ್ಪಾಗಿದೆ, ಉಳಿದದ್ದನ್ನು ಮುಟ್ಟಬೇಡಿ.

ಲಕ್ಷಣ: ಹಾಳೆಯಲ್ಲಿ ಸರಿ ಬರುತ್ತದೆ, ನೆಲದ ಮೇಲೆ ಬರುವುದಿಲ್ಲ

ಕೈತೋಟದ ಪಾತಿ, ಆಟದ ಅಂಗಳ, ಮನೆಯ ಪಾಯದ ಗುರುತು ಎಲ್ಲಕ್ಕೂ ಇದೇ ರಚನೆ ನಡೆಯುತ್ತದೆ. ಗೂಟವೇ ಮುಳ್ಳು, ಹಗ್ಗವೇ ಕೈವಾರ. ಯಜ್ಞವೇದಿಗಳ ಅಳತೆ ಹೇಳುವ ಶುಲ್ಬಸೂತ್ರಗಳ ರಚನೆಗಳೂ ಹಗ್ಗ ಮತ್ತು ಗೂಟದವೇ.

ಮೊದಲ ಅನುಮಾನ ಹಗ್ಗದ ಮೇಲಿರಲಿ. ನೈಲಾನ್ ಹಗ್ಗ ಎಳೆದಷ್ಟೂ ಹಿಗ್ಗುತ್ತದೆ. ಒಬ್ಬರು ಜೋರಾಗಿ, ಇನ್ನೊಬ್ಬರು ಮೆಲ್ಲಗೆ ಎಳೆದರೆ ಎರಡು ತ್ರಿಜ್ಯ ಬಂದ ಹಾಗೆ. ಟೇಪ್ ಅಥವಾ ತಂತಿ ಬಳಸಿ. ಎರಡನೆಯದು ಇಳಿಜಾರು. ನೆಲಕ್ಕೆ ಒರಗಿಸಿ ಅಳೆದರೆ ಮಟ್ಟದ ಅಳತೆಗಿಂತ ಜಾಸ್ತಿ ಬರುತ್ತದೆ. ಟೇಪನ್ನು ಮಟ್ಟಸವಾಗಿ ಹಿಡಿದು, ತೂಕದ ದಾರ ಬಿಟ್ಟು ಗುರುತು ಹಾಕಿ.

ಮೇಸ್ತ್ರಿಗಳು ಕರ್ಣ ಅಳೆದು ನೋಡುತ್ತಾರೆ. ಎದುರು ಬದಿರು ಬಾಹುಗಳು ಸಮ ಇದ್ದು ಕರ್ಣಗಳು ಮಾತ್ರ ಬೇರೆ ಬಂದರೆ ರೇಖೆಗಳು ಸಮಾಂತರ ಇಲ್ಲ ಎಂದಲ್ಲ. ಸಮಾಂತರ ಸರಿಯಾಗಿಯೇ ಇದೆ, ಮೂಲೆ 90 ಡಿಗ್ರಿ ಇಲ್ಲ. ಸರಿಪಡಿಸಬೇಕಾದದ್ದು ಮೂಲೆಯನ್ನು.

ಗೂಟ ಹೊಡೆಯುವ ಮೊದಲು ಕೆಳಗೆ ವಿದ್ಯುತ್ ತಂತಿ, ನೀರಿನ ಪೈಪ್ ಹಾದಿದೆಯಾ ಎಂದು ವಿಚಾರಿಸಿ. ಗೊತ್ತಿಲ್ಲದಿದ್ದರೆ ಹೊಡೆಯಬೇಡಿ, ಸುಣ್ಣದ ಗುರುತು ಹಾಕಿ. ಪಾಯ ತೋಡುವ ಮುಂಚೆ ಮೇಸ್ತ್ರಿ ಅಥವಾ ಎಂಜಿನಿಯರ್ ಒಮ್ಮೆ ಅಳೆಯಲಿ. ಪಕ್ಕದ ಜಮೀನಿನ ಗಡಿಗೆ ಸಮಾಂತರವಾಗಿ ಬೇಲಿ ಹಾಕುತ್ತಿದ್ದರೆ, ಆ ಗಡಿ ಎಲ್ಲಿದೆ ಎನ್ನುವುದನ್ನು ಹಗ್ಗದಿಂದ ತೀರ್ಮಾನಿಸಬೇಡಿ. ಅದಕ್ಕೆ ಸರ್ವೆ ಇಲಾಖೆಗೆ ಅರ್ಜಿ ಹಾಕಿ, ಭೂಮಾಪಕರು ಬಂದು ಗುರುತು ಹಾಕಿದ ಮೇಲೆ ನಿಮ್ಮ ರೇಖೆ ಶುರು ಮಾಡಿ.